ಗ್ರಿಲ್ ಬಾಗಿಲಿನ ಒಳಗೆ: ಒಂದು ಮನೋರೋಗ ವಾರ್ಡಿನ ಇನ್ಸ್‌ಪೆಕ್ಷನ್

ಹೋಟೆಲಿಗೆ, ಲಾಡ್ಜಿಗೆ, ಕಾರು ಸರ್ವಿಸ್ ಸೆಂಟರಿಗೆ ನಕ್ಷತ್ರ ಕೊಡುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಮನೋರೋಗ ವಾರ್ಡಿನ ಬಗ್ಗೆ ಬರೆದವರನ್ನು ನಾನು ನೋಡಿಲ್ಲ. ಬರೆದರೆ "ಓ, ಇವರ ಮನೆಯಲ್ಲಿ ಯಾರಿಗೋ ಉಂಟು" ಅಂತ ಊರಿಗೆಲ್ಲ ಗೊತ್ತಾಗುತ್ತದೆ, ಅದಕ್ಕೆ. ನಮ್ಮ ಮನೆಯಲ್ಲಿ ಉಂಟು. ನನ್ನ ತಮ್ಮನಿಗೆ. ಅವನನ್ನು ಕೇಳಿಯೇ ಇದನ್ನು ಬರೆಯುವುದು. ಅವನ ಹೆಸರೂ ಬರಬಾರದು, ಆಸ್ಪತ್ರೆಯ ಹೆಸರೂ ಬರಬಾರದು ಅಂತ ಅವನ ಷರತ್ತು. "ಹೆಸರೇ ಇಲ್ಲದಿದ್ದರೆ ಓದಿದವರಿಗೆ ಎಂತ ಪ್ರಯೋಜನ?" ಅಂತ ಕೇಳಿದೆ. "ವಾರ್ಡನ್ನು ಹೇಗೆ ನೋಡಬೇಕು ಅಂತ ಬರಿ, ಅಷ್ಟು ಸಾಕು" ಅಂದ. ಹಾಗಾಗಿ ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆ ಅಂತ ಮಾತ್ರ ಇಟ್ಟುಕೊಳ್ಳಿ. ಆಟಿ ತಿಂಗಳ ಮಳೆಯಲ್ಲಿ ಮೂರು ವಾರದ ಹತ್ತಿರ ಅಲ್ಲಿ ನಾನು ಬೈಸ್ಟ್ಯಾಂಡರ್, ಅಂದರೆ ರೋಗಿಯ ಜೊತೆ ಉಳಿಯುವವ, ಆಗಿ ಇದ್ದೆ.

ನಾನು ಬ್ಯಾಂಕಿನಲ್ಲಿದ್ದವ. ನಿವೃತ್ತಿಗೆ ಮುಂಚಿನ ವರ್ಷಗಳೆಲ್ಲ ಇನ್ಸ್‌ಪೆಕ್ಷನ್ ವಿಭಾಗದಲ್ಲಿ ಕಳೆದವು. ಶಾಖೆಗೆ ಹೋದರೆ ಮ್ಯಾನೇಜರ್ ತರಿಸಿದ ಎಳನೀರು ಮುಟ್ಟುವ ಮೊದಲು ಕೀ ರಿಜಿಸ್ಟರ್ ತನ್ನಿ ಅನ್ನುವ ಜಾತಿ. ಆ ಚಾಳಿ ಆಸ್ಪತ್ರೆಯಲ್ಲೂ ಬಿಡಲಿಲ್ಲ.

ತಮ್ಮನ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಕಾಯಿಲೆ ಬೈಪೋಲಾರ್, ಮನಸ್ಸು ಒಮ್ಮೆ ವಿಪರೀತ ಏರುವುದು, ಒಮ್ಮೆ ಕುಸಿಯುವುದು. ಇಪ್ಪತ್ತು ಚಿಲ್ಲರೆ ವಯಸ್ಸಿಗೆ ಶುರುವಾದದ್ದು, ಈಗ ಐವತ್ತು ದಾಟಿದೆ. ಮುಂಬೈಯ ಉಡುಪಿ ಹೋಟೆಲುಗಳಲ್ಲಿ ಗಲ್ಲಾದಲ್ಲಿ ಕೂತು ದುಡಿದವ, ಕೊರೊನಾ ಕಾಲದಲ್ಲಿ ಊರಿಗೆ ಬಂದು ನಮ್ಮ ಸೋದರಮಾವನ ಮಗನ ಹೋಟೆಲಿನಲ್ಲಿ ಅದೇ ಕೆಲಸ ಹಿಡಿದ. ಲಿಥಿಯಂ ಮಾತ್ರೆಯ ಮೇಲೆ ವರ್ಷಗಟ್ಟಲೆ ಚೆನ್ನಾಗಿಯೇ ಇದ್ದ. ಈ ಸಲ ಮೇ ಕಳೆಯುವಷ್ಟರಲ್ಲಿ ನಿದ್ದೆ ಹೋಯಿತು. ರಾತ್ರಿ ಎರಡು ಗಂಟೆಗೆ ಜಗಲಿಯಲ್ಲಿ ಯಕ್ಷಗಾನದ ಭಾಗವತಿಕೆ. ದೇವಸ್ಥಾನದ ಜೀರ್ಣೋದ್ಧಾರ ಸಮಿತಿಯ ಸಭೆಯಲ್ಲಿ ಎದ್ದು ನಿಂತು, ನಮ್ಮ ಮನೆ ಮಾರಿದರೂ ಹುಟ್ಟದಷ್ಟು ಮೊತ್ತ ಘೋಷಿಸಿದ. ಮರುದಿನ ಬಸ್‌ಸ್ಟ್ಯಾಂಡಿನ ಎದುರು ಕೈ ಮುಗಿದು ನಿಂತ ಅವನ ಫ್ಲೆಕ್ಸ್. ಹರಕೆಯ ಯಕ್ಷಗಾನ ಆಟ ಹತ್ತು ಬುಕ್ ಮಾಡಲು ಮೇಳದ ಯಜಮಾನರಿಗೆ ಫೋನು. ಅವರು ದೊಡ್ಡ ಮನುಷ್ಯ, "ಅಣ್ಣನ ಹತ್ತಿರ ಒಮ್ಮೆ ಮಾತಾಡಿಸಿ" ಅಂದರು. ಕಾರಿನಲ್ಲಿ ಕೂರಿಸಿ ಮಂಗಳೂರಿಗೆ ತಂದ ಕತೆ ಬೇಡ, ಅದು ಎಲ್ಲರ ಮನೆಯಲ್ಲೂ ಒಂದೇ ತರ.

ವಾರ್ಡಿಗೆ ಬರುತ್ತೇನೆ. ಎರಡನೇ ಮಾಳಿಗೆ, ಕಬ್ಬಿಣದ ಗ್ರಿಲ್ ಬಾಗಿಲು, ಕೀಲಿ ಸೆಕ್ಯೂರಿಟಿಯ ಸೊಂಟದಲ್ಲಿ. ಎರಡನೇ ಕೀಲಿ ಎಲ್ಲಿ ಅಂತ ಕೇಳಿದೆ. ಸೆಕ್ಯೂರಿಟಿ ನನ್ನನ್ನು ವಿಚಿತ್ರವಾಗಿ ನೋಡಿದ, ಒಳಗಿನಿಂದ ಇನ್‌ಚಾರ್ಜ್ ಸಿಸ್ಟರ್ ಉತ್ತರ ಕೊಟ್ಟರು: ಒಂದು ಅವರ ಸ್ಟೇಷನ್ನಿನಲ್ಲಿ, ಇನ್ನೊಂದು ಕೆಳಗೆ, ಹಿಂದಿನ ಮೆಟ್ಟಿಲಿನ ಬಾಗಿಲಿಗೆ ಬೇರೆಯೇ ಕೀಲಿ, ಅದೂ ಸ್ಟೇಷನ್ನಿನಲ್ಲಿ. ಶಿಫ್ಟ್ ಬದಲಾಗುವಾಗ ಕೀಲಿಗಳನ್ನೂ ಕತ್ತರಿ, ನೈಲ್‌ಕಟರ್, ಥರ್ಮಾಮೀಟರುಗಳನ್ನೂ ಎಣಿಸಿ ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಹಾಕುತ್ತಾರೆ. ಪುಸ್ತಕ ಕಣ್ಣಾರೆ ನೋಡಿದೆ, ಒಂದು ದಿನವೂ ಖಾಲಿ ಬಿಟ್ಟಿಲ್ಲ. ಇದನ್ನು ಕೇಳುವುದು ವಿನಾಕಾರಣ ಅಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಆಸುಪಾಸಿನ ಒಂದು ಖಾಸಗಿ ಶೆಡ್ಡಿನಲ್ಲಿ ಸರಪಳಿ ಹಾಕಿ ಇಟ್ಟಿದ್ದ 28 ಮಂದಿ ಬೆಂಕಿಗೆ ಸಿಕ್ಕಿ ಸತ್ತರು. ಬೀಗ ಇರುವ ಕಡೆ ಮನೆಯವರನ್ನು ಬಿಟ್ಟು ಹೋಗುವವರು ಕೀಲಿಯ ಲೆಕ್ಕ ಕೇಳಲೇಬೇಕು.

ಒಳಗೆ ಹೋಗುವಾಗ ಬೆಲ್ಟು, ಶೂ ಲೇಸು, ಪೈಜಾಮದ ಲಾಡಿ, ಬ್ಲೇಡು, ಲೈಟರ್, ಗಾಜಿನ ಬಾಟಲಿ, ಚಾರ್ಜರಿನ ವಯರು ಎಲ್ಲ ಹೊರಗೆ. ತೆಂಗಿನೆಣ್ಣೆ ಪ್ಲಾಸ್ಟಿಕ್ ಬಾಟಲಿಯಲ್ಲಾದರೆ ಅಡ್ಡಿಯಿಲ್ಲ. ತಮ್ಮನ ಕೈಯಲ್ಲಿ ದೈವಸ್ಥಾನದಿಂದ ಕಟ್ಟಿಸಿದ ನೂಲು ಇತ್ತು. ಅದನ್ನೂ ಕತ್ತರಿಸುತ್ತಾರೆ ಅಂತ ನಮ್ಮ ಅಕ್ಕನಿಗೆ ಗಾಬರಿ. ಬ್ರದರ್ ನೂಲನ್ನು ಎರಡು ಬೆರಳಲ್ಲಿ ಎಳೆದು ನೋಡಿ, "ಇದು ಇರಲಿ ಅಮ್ಮ" ಅಂದ. (ಬ್ರದರ್ ಅಂದರೆ ಗಂಡು ನರ್ಸ್. ಕಣ್ಣೂರಿನ ಹುಡುಗ, ತುಳು ಮುಕ್ಕಾಲು ಪಾಲು ಕಲಿತಿದ್ದ, ಉಳಿದ ಕಾಲು ಪಾಲಿಗೆ ಮಲಯಾಳ ಸೇರಿಸುತ್ತಿದ್ದ.) ಬಚ್ಚಲಿನ ಬಾಗಿಲಿಗೆ ಒಳಗಿನಿಂದ ಚಿಲಕ ಇಲ್ಲ. ಮೊದಲು ಮುಜುಗರ ಆಗುತ್ತದೆ, ಕಾರಣ ಯೋಚಿಸಿದರೆ ಸರಿಯೇ ಅನಿಸುತ್ತದೆ. ಕನ್ನಡಿ ಗಾಜಿನದಲ್ಲ, ಉಕ್ಕಿನ ತಗಡು. ಅದರಲ್ಲಿ ನಮ್ಮ ಮುಖ ನಮಗೇ ಪರಿಚಯ ಸಿಗುವುದಿಲ್ಲ.

ಈಗ ಮುಖ್ಯ ವಿಷಯ. ಮೊದಲ ಸಂಜೆ ಸಿಸ್ಟರ್ ಫೈಲು ಹಿಡಿದು ಬಂದರು. ನಾನು ತಾರೀಕು ಸಮೇತ ಎಲ್ಲ ಬರೆದುಕೊಂಡು ಚೀಟಿ ಹಿಡಿದು ಎದ್ದು ನಿಂತಿದ್ದೆ. ಅವರು ನನ್ನನ್ನು ದಾಟಿ ಹೋಗಿ, ಮಂಚದ ಪಕ್ಕ ಸ್ಟೂಲು ಎಳೆದು ಕೂತು, "ಅಣ್ಣ, ನಿಮ್ಮನ್ನು ಎಂತ ಅಂತ ಕರೆಯುವುದು?" ಅಂತ ತಮ್ಮನನ್ನೇ ಕೇಳಿದರು.

"ಮೊಕ್ತೇಸರರು ಅಂತ ಕರೆಯಿರಿ" ಅಂದ ಇವ, ದೇವಸ್ಥಾನದ ಆಡಳಿತ ನೋಡುವವರ ಹಾಗೆ.

ಸಿಸ್ಟರ್ ನಗಲಿಲ್ಲ. "ಆಯ್ತು. ಮಾತ್ರೆ ಬಿಟ್ಟದ್ದು ಯಾವಾಗ?"

"ವಿಷು ಕಳೆದ ಮೇಲೆ."

"ಎಂತಕ್ಕೆ ಬಿಟ್ಟಿರಿ?"

"ಕೈ ನಡುಗ್ತದೆ ಸಿಸ್ಟರ್. ಚಿಲ್ಲರೆ ಕೊಡುವಾಗ ಗಿರಾಕಿ ನನ್ನ ಕೈಯನ್ನೇ ನೋಡ್ತಾನೆ. ಬೆಳಗ್ಗೆ ಏಳಕ್ಕೇ ಹಾಕಿ ಬಂದಿದ್ದಾನೆ ಅಂತ ಅವನ ಲೆಕ್ಕ."

ಈ ಮಾತು ನಮ್ಮ ಮನೆಯ ಯಾವ ಫೈಲಿನಲ್ಲೂ ಇರಲಿಲ್ಲ. ಮೂವತ್ತು ವರ್ಷದಲ್ಲಿ ಎಷ್ಟು ಒಪಿಡಿ ಹತ್ತಿ ಇಳಿದಿದ್ದೇವೆ! ಎಲ್ಲ ಕಡೆ ಪ್ರಶ್ನೆ ಬರುವುದು ಜೊತೆಗೆ ಬಂದವರಿಗೆ. ಇವರು ಹೇಗಿದ್ದಾರೆ, ನಿದ್ದೆ ಉಂಟಾ, ಗಲಾಟೆ ಉಂಟಾ, ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಾರಾ. ಇವರು ಅನ್ನಿಸಿಕೊಂಡವ ಪಕ್ಕದ ಕುರ್ಚಿಯಲ್ಲೇ ಕೂತಿರುತ್ತಾನೆ. ಮರುದಿನ ರೌಂಡ್ಸಿಗೆ ಬಂದ ದೊಡ್ಡ ಡಾಕ್ಟರು ಅವನ ಕೈ ಚಾಚಿಸಿ, ಬೆರಳ ಮೇಲೆ ಒಂದು ಹಾಳೆ ಇಟ್ಟು ನೋಡಿದರು. ಲಿಥಿಯಮ್ಮಿನಿಂದ ಹೀಗೆ ನಡುಕ ಬರುವುದು ಮಾಮೂಲು, ಡೋಸು ನೋಡಿ ಸರಿ ಮಾಡಬಹುದು, ಪ್ರೊಪ್ರನೊಲೋಲ್ ಅಂತ ಒಂದು ಮಾತ್ರೆ ಉಂಟು, ಕಾಫಿ ಕಡಿಮೆ ಮಾಡಿದರೂ ಸ್ವಲ್ಪ ತಗ್ಗುತ್ತದೆ ಅಂದರು. ಗಲ್ಲಾದಲ್ಲಿ ಕೂತವನಿಗೆ ಕೈ ನಡುಗುವುದು ಅಂದರೆ ಹೊಟ್ಟೆಪಾಡಿನ ಪ್ರಶ್ನೆ ಅಂತ ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಹಾಗಾಗಿ ನನ್ನ ಪ್ರಕಾರ ವಾರ್ಡು ನೋಡಲು ಹೋದವರು ಗೋಡೆಯ ಬಣ್ಣ, ಡಾಕ್ಟರ ಡಿಗ್ರಿ ಆಮೇಲೆ ನೋಡಿ. ಅಲ್ಲಿನ ಸಿಸ್ಟರ್ ಪ್ರಶ್ನೆಯನ್ನು ಮೊದಲು ಯಾರಿಗೆ ಕೇಳುತ್ತಾರೆ ಅಂತ ನೋಡಿ.

ಕಾಗದಪತ್ರದ ವಿಷಯದಲ್ಲೂ ಇಲ್ಲಿಯವರು ಗಟ್ಟಿ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರದ್ದು, ಜಾರಿಗೆ ಬಂದದ್ದು 2018ರ ಮೇ 29ರಿಂದ. ಅದರ 89ನೇ ಸೆಕ್ಷನ್ನಿನಲ್ಲಿ ತಮ್ಮನನ್ನು ಸೇರಿಸಿಕೊಂಡರು. ಅಂದರೆ ಅವನು ಸ್ವತಃ ತೀರ್ಮಾನ ಮಾಡುವ ಸ್ಥಿತಿಯಲ್ಲಿಲ್ಲ, ಪ್ರತಿನಿಧಿ ಅರ್ಜಿ ಹಾಕಬೇಕು, ಇಬ್ಬರು ತಜ್ಞರು ಬೇರೆಬೇರೆಯಾಗಿ ಪರೀಕ್ಷೆ ಮಾಡಬೇಕು, ಹೆಚ್ಚೆಂದರೆ 30 ದಿನ. ಎರಡನೇ ವಾರ ತಲೆ ತಿಳಿಯಾದ ಮೇಲೆ ಪಿಜಿ (ಸ್ನಾತಕೋತ್ತರ ಓದುತ್ತಿರುವ) ಡಾಕ್ಟರ್ ಹುಡುಗಿ ಬೇರೊಂದು ಫಾರಂ ತಂದು ಅವನಿಗೇ ಓದಲು ಕೊಟ್ಟಳು. ಇನ್ನು ನೀವು ಸ್ವತಂತ್ರ ರೋಗಿ, ನಿಮ್ಮ ಸಹಿಯಲ್ಲೇ ಇರುತ್ತೀರಿ, ಹೋಗುತ್ತೇನೆ ಅಂದರೆ ತೀರಾ ಅಗತ್ಯ ಬಿದ್ದಾಗ ಮತ್ತೆ ಪರೀಕ್ಷೆ ಮಾಡಲು 24 ಗಂಟೆ ತಡೆಯಬಹುದು, ಅಷ್ಟೇ ಅಂತ ವಿವರಿಸಿದಳು. ತಮ್ಮ ಕನ್ನಡಕ ತರಿಸಿ ಎರಡೂ ಪುಟ ಓದಿ ಸಹಿ ಹಾಕಿದ. ಇನ್ನು ಮುಂದಕ್ಕೆ ಕಾಯ್ದೆಯ ಪ್ರಕಾರ ನಿಮ್ಮ ಪ್ರತಿನಿಧಿ ಯಾರಾಗಬೇಕು ಅಂತ ಕೇಳಿದಾಗ ನನ್ನ ಹೆಸರು ಹೇಳುತ್ತಾನೆ ಅಂತ ನಾನು ಪೆನ್ನಿನ ಕ್ಯಾಪ್ ತೆಗೆದು ಕೂತಿದ್ದೆ. ಕಾರ್ಕಳದ ಅಕ್ಕನ ಹೆಸರು ಹೇಳಿದ. ಕಾರಣ ಕೇಳಲಿಲ್ಲ. ಕೇಳಿದರೆ ಹೇಳಿಬಿಡುತ್ತಾನೆ.

ತೊಂಬತ್ತರ ದಶಕದಲ್ಲಿ ಇವನನ್ನು ಮೊದಲು ಸೇರಿಸಿದ ಕಡೆ, ಅದು ಬೇರೆ ಊರು, ತಲೆ ಬೋಳಿಸಿ ಹಸಿರು ಅಂಗಿ ತೊಡಿಸಿದ್ದರು. ಕರೆಂಟ್, ಅಂದರೆ ಶಾಕ್ ಚಿಕಿತ್ಸೆ, ಕೊಡುವಾಗ ನಾಲ್ಕು ಜನ ಕೈಕಾಲು ಹಿಡಿದುಕೊಳ್ಳುತ್ತಿದ್ದರು, ಅರಿವಳಿಕೆ ಗಿರಿವಳಿಕೆ ಏನೂ ಇಲ್ಲ. ಅವೆಲ್ಲ ಈಗ ಕಾನೂನಿನಲ್ಲೇ ನಿಷಿದ್ಧ. ಬಲವಂತದ ತಲೆ ಬೋಳು ಇಲ್ಲ, ಸ್ವಂತ ಬಟ್ಟೆ ಹಾಕಬಹುದು, ಸರಪಳಿ ಇಲ್ಲ, ಒಬ್ಬರನ್ನೇ ಕೂಡಿಹಾಕುವ ಹಾಗಿಲ್ಲ. ತಮ್ಮ ಇಲ್ಲಿ ಮೂರು ವಾರವೂ ತನ್ನದೇ ಬಿಳಿ ಪಂಚೆ, ತೋಳಿನ ಬನಿಯನ್ನಿನಲ್ಲಿ ಓಡಾಡಿದ. ಮಳೆಗೆ ಬಟ್ಟೆ ಒಣಗುವುದಿಲ್ಲ, ವಾರ್ಡಿನೊಳಗೆ ಹಗ್ಗ ಕಟ್ಟುವ ಹಾಗಿಲ್ಲ. ಮಂಚದ ಕಂಬಿ, ಕಿಟಕಿಯ ಜಾಲರಿ, ಎಲ್ಲೆಲ್ಲೂ ಹಸಿ ಪಂಚೆ. ಇಡೀ ವಾರ್ಡಿಗೆ ಒಂದು ಮುಗ್ಗುಲು ವಾಸನೆ. ಇದಕ್ಕೊಂದು ಡ್ರೈಯರ್ ಹಾಕಿಸಲು ಅಷ್ಟು ದೊಡ್ಡ ಆಸ್ಪತ್ರೆಗೆ ಆಗುವುದಿಲ್ಲವಾ? ಒಂದು ನಕ್ಷತ್ರ ಇಲ್ಲಿಯೇ ಕಟ್.

ಕರೆಂಟ್ ಅಂದೆನಲ್ಲ, ಅದು ಈಗ ಹೇಗೆ ನಡೆಯುತ್ತದೆ ಅಂತಲೂ ಹೇಳಬೇಕು, ಯಾಕೆಂದರೆ ಸಿನಿಮಾ ನೋಡಿ ಹೆದರಿದವರೇ ಜಾಸ್ತಿ. ನಮ್ಮ ಎದುರು ಮಂಚಕ್ಕೆ ಘಟ್ಟದ ಮೇಲಿನ ಒಬ್ಬ ಹುಡುಗ ಬಂದಿದ್ದ. ಮಾತಿಲ್ಲ, ಊಟವಿಲ್ಲ, ಎತ್ತಿದ ಕೈ ಎತ್ತಿದಲ್ಲೇ. ಕೆಟಟೋನಿಯಾ ಅಂದರು. ಲೊರಾಜೆಪಾಮ್ ಇಂಜೆಕ್ಷನ್ ಕೊಟ್ಟು ನೋಡಿದರು, ಸಾಕಷ್ಟು ತಿರುಗಲಿಲ್ಲ, ಇಸಿಟಿ, ಅಂದರೆ ಇದೇ ಕರೆಂಟ್ ಚಿಕಿತ್ಸೆ, ಶುರು ಮಾಡಿದರು. ಹಿಂದಿನ ರಾತ್ರಿಯಿಂದ ಉಪವಾಸ, ಅರಿವಳಿಕೆಯ ಡಾಕ್ಟರು ಬೇರೆ, ಸ್ನಾಯು ಸಡಿಲವಾಗಲು ಬೇರೆ ಇಂಜೆಕ್ಷನ್, ಹಲ್ಲಿನ ಮಧ್ಯೆ ರಬ್ಬರು. ಎಲ್ಲ ಮುಗಿಸಿ ಹುಡುಗ ವಾರ್ಡಿಗೆ ವಾಪಸ್ ಬರುವಾಗ ನನ್ನ ಪೇಪರಿನ ಮೊದಲ ಎರಡು ಪುಟ ಆಗಿರುತ್ತಿತ್ತು, ಅಷ್ಟೇ. ವಾರಕ್ಕೆ ಎರಡೋ ಮೂರೋ ಸಲ, ಸಾಮಾನ್ಯವಾಗಿ ಒಟ್ಟು 6ರಿಂದ 12. ಎರಡನೆಯದೋ ಮೂರನೆಯದೋ ಆದ ಮಧ್ಯಾಹ್ನ ಅವ ತನ್ನ ಅಮ್ಮನಿಗೆ "ಗಂಜಿಗೆ ಉಪ್ಪು ಹಾಕಿಲ್ಲ" ಅಂದ. ಆ ಅಮ್ಮ ಉಪ್ಪು ತರಲು ಎದ್ದವರು ಬಾಗಿಲ ಹತ್ತಿರ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಿಂತರು, ಉಪ್ಪನ್ನು ಅಟೆಂಡರೇ ತಂದುಕೊಟ್ಟ. ಹಿಂದಿನ ವಾರದ್ದು ಹುಡುಗನಿಗೆ ನೆನಪೇ ಇರಲಿಲ್ಲ. ಆ ಮರೆವು ಉಂಟಾಗುತ್ತದೆ, ಹೆಚ್ಚಿನವರಿಗೆ ನಿಧಾನ ಸರಿಯಾಗುತ್ತದೆ ಅಂತ ಡಾಕ್ಟರು ಮೊದಲೇ ಹೇಳಿ ಸಹಿ ತೆಗೆದುಕೊಂಡಿದ್ದರು.

ಅಟೆಂಡರ್ ಗದಗ ಕಡೆಯವನು, ಮಂಗಳೂರಿಗೆ ಕಟ್ಟಡ ಕೆಲಸಕ್ಕೆ ಬಂದು ಆಸ್ಪತ್ರೆ ಸೇರಿದವ. ತಮ್ಮನ ಗತ್ತಿಗೆ ತಕ್ಕ ಹಾಗೆ "ಮೊಕ್ತೇಸರ್ರ, ಏಳ್ರಿ, ಜಳಕಕ್ಕ ನೀರು ಕಾದೈತಿ" ಅಂತ ಎಬ್ಬಿಸುತ್ತಿದ್ದ. ಡಾಕ್ಟರು ದಿನಕ್ಕೆ ಹತ್ತು ನಿಮಿಷ ಬರುತ್ತಾರೆ. ಉಳಿದ ದಿನವಿಡೀ ರೋಗಿಯ ಕೂಡೆ ಇರುವವ ಇವನು. ಯಾರ ಕಣ್ಣು ಕೆಂಪಾಯಿತು, ಯಾರು ಬಾಗಿಲ ಹತ್ತಿರ ಸುಳಿದಾಡುತ್ತಿದ್ದಾರೆ, ಯಾರು ಅನ್ನವನ್ನು ಪಕ್ಕದವನ ತಟ್ಟೆಗೆ ಹಾಕುತ್ತಿದ್ದಾರೆ ಅಂತ ಮೊದಲು ಗೊತ್ತಾಗುವುದು ಇವನಿಗೆ. ಸಿಸ್ಟರುಗಳು ಇವನ ಮಾತು ಕೇಳಿ ಫೈಲಿನಲ್ಲಿ ಬರೆಯುತ್ತಿದ್ದರು, ಅದನ್ನು ನಾನು ವಿಶೇಷವಾಗಿ ಗಮನಿಸಿದೆ. ಆದರೆ ಅವನು ಕಾಂಟ್ರ್ಯಾಕ್ಟಿನವ, ರಜೆ ಹಾಕಿದರೆ ಸಂಬಳ ಕಟ್. ಆಡಳಿತದವರು ಇದನ್ನು ಓದುವುದಾದರೆ ಓದಲಿ.

ಮಾತ್ರೆಯ ಹೊತ್ತು ವಾರ್ಡಿನ ನಿಜವಾದ ಪರೀಕ್ಷೆ. ಟ್ರೇ ಬರುತ್ತದೆ, ಹೆಸರು ಕೇಳುತ್ತಾರೆ, ನೀರು ಕೊಡುತ್ತಾರೆ, "ನಾಲಿಗೆ ಎತ್ತಿ" ಅನ್ನುತ್ತಾರೆ. ತಮ್ಮ ಮೊದಲ ದಿನಗಳಲ್ಲಿ ಕೆನ್ನೆಯ ಸಂದಿಯಲ್ಲಿ ಅಡಗಿಸುವ ವಿದ್ಯೆ ತೋರಿಸಿದ. ಬ್ರದರ್ ಬಯ್ಯಲಿಲ್ಲ, "ಅಣ್ಣ, ಇನ್ನೊಂದು ಲೋಟ ನೀರು ಕುಡಿಯೋಣ" ಅಂತ ಅಲ್ಲೇ ನಿಂತ. ಒಂದು ದಿನ ಬೇರೆ ಮಂಚದವನೊಬ್ಬ ಅದೇ ಬ್ರದರಿನ ಕೆನ್ನೆಗೆ ಬಾರಿಸಿದ, ಕನ್ನಡಕ ಹಾರಿ ಬಿತ್ತು. ಆ ರೋಗಿಯ ಎರಡೂ ಕೈಗಳನ್ನು ಮೆತ್ತನೆಯ ಪಟ್ಟಿಯಿಂದ ಮಂಚಕ್ಕೆ ಕಟ್ಟಿದರು. ನಾನು ಇನ್ಸ್‌ಪೆಕ್ಟರನ ಕಣ್ಣಲ್ಲೇ ನೋಡಿದೆ: ಡಾಕ್ಟರು ಬಂದು ಆರ್ಡರ್ ಬರೆದರು, ಯಾಕೆ ಅಂತ ಕಾರಣ ಬರೆದರು, ಸಿಸ್ಟರ್ ಆಗಾಗ ಬಂದು ಪಟ್ಟಿಯೊಳಗೆ ಬೆರಳು ತೂರುತ್ತದಾ ಅಂತ ನೋಡಿ ಸಮಯ ಹಾಕಿದರು, ಇಂಜೆಕ್ಷನ್ ಹಿಡಿದು ಅವನು ಶಾಂತನಾದ ಕೂಡಲೇ ಬಿಚ್ಚಿದರು. ಪಕ್ಕದ ಮಂಚದವರಿಗೆ ಕಾಣದ ಹಾಗೆ ಪರದೆಯನ್ನೂ ಎಳೆದಿದ್ದರು. ಶಿಕ್ಷೆ ಕೊಡುವ ಧಾಟಿ ಎಲ್ಲೂ ಇರಲಿಲ್ಲ. ಬ್ರದರ್ ಮರುದಿನ ಬೆಳಗ್ಗೆ ಕನ್ನಡಕಕ್ಕೆ ಟೇಪು ಸುತ್ತಿಕೊಂಡು ಅದೇ ಟ್ರೇ ಹಿಡಿದು ಅದೇ ಮಂಚಕ್ಕೆ ಬಂದ. ಹೊಸ ಕನ್ನಡಕಕ್ಕೆ ಆಸ್ಪತ್ರೆ ದುಡ್ಡು ಕೊಡುತ್ತದಾ ಅಂತ ಕೇಳಿದೆ. ನಕ್ಕ, ಉತ್ತರ ಕೊಡಲಿಲ್ಲ.

ರಾತ್ರಿಯ ಬಗ್ಗೆ ನನಗೆ ದೊಡ್ಡ ತಕರಾರಿದೆ. ಮೂವತ್ತರ ಹತ್ತಿರ ಮಂಚಕ್ಕೆ ರಾತ್ರಿಪಾಳಿಯಲ್ಲಿ ಇಬ್ಬರು ಸಿಸ್ಟರು, ಒಬ್ಬ ಅಟೆಂಡರ್. ಕುಡಿತ ಬಿಡಿಸಲು ಬಂದವರೂ ಇದೇ ವಾರ್ಡಿನಲ್ಲಿ. ಕುಡಿತ ನಿಲ್ಲಿಸಿದ ಎರಡು ಮೂರನೇ ದಿನಕ್ಕೆ ಅವರಲ್ಲಿ ಕೆಲವರಿಗೆ ಕೈ ಮೈ ಅದುರಿ, ಗೋಡೆಯಲ್ಲಿ ಹುಳ ಕಂಡು, ಇಲ್ಲದವರ ಜೊತೆ ಜಗಳ ಶುರುವಾಗುತ್ತದೆ. ಮಲ್ಪೆಯ ಬೋಟಿನವರೊಬ್ಬರು ರಾತ್ರಿಯಿಡೀ ಮಂಚದ ಮೇಲೆ ನಿಂತು ಬಲೆ ಎಳೆದರು. "ಎಳಿ, ಎಳಿ, ಬಂಗುಡೆ ಬಿದ್ದಿದೆ!" ಅದು ಜೀವಕ್ಕೇ ಅಪಾಯವಾಗಬಹುದಾದ ಸ್ಥಿತಿ ಅಂತ ನನಗೆ ತಿಳಿದದ್ದು ಸಿಸ್ಟರ್ ಇಬ್ಬರೂ ಡ್ರಿಪ್ಪು, ಥಯಾಮಿನ್ ಇಂಜೆಕ್ಷನ್ ಅಂತ ಅವರ ಸುತ್ತಲೇ ಓಡಾಡಿದಾಗ. ಅವರು ಗುಣವಾದರು, ಆಮೇಲೆ ಬಹಳ ಸಾಧು ಮನುಷ್ಯ. ಆದರೆ ಆ ಹೊತ್ತಿಗೆ ಉಳಿದ ಮಂಚಗಳನ್ನು ನೋಡಿಕೊಂಡದ್ದು ನಾವು ಬೈಸ್ಟ್ಯಾಂಡರುಗಳೇ. ನಿದ್ದೆಯೇ ಮದ್ದು ಅಂತ ಡಾಕ್ಟರು ಹೇಳುವ ಕಾಯಿಲೆಯವನನ್ನು ಅದೇ ಕೋಣೆಯಲ್ಲಿ ಮಲಗಿಸುವುದು ಯಾವ ನ್ಯಾಯ? ಕುಡಿತದವರಿಗೆ ಬೇರೆ ಕೋಣೆ ಬೇಕು, ರಾತ್ರಿಗೆ ಇನ್ನೊಬ್ಬ ಸಿಸ್ಟರ್ ಬೇಕು. ಫೀಡ್‌ಬ್ಯಾಕ್ ಫಾರಂನಲ್ಲಿ ಬರೆದು ಕೊಟ್ಟೆ. ಅದರಲ್ಲಿ ಬರೆಯಲು ಬಿಟ್ಟ ಜಾಗ ಎರಡು ಗೆರೆ, ನಾನು ಹಿಂಬದಿಯಲ್ಲೂ ಬರೆದೆ.

ಮನೆಯವರನ್ನು ಜೊತೆಗಿರಿಸಿಕೊಳ್ಳುವ ಪದ್ಧತಿಗೆ ಒಂದು ಚರಿತ್ರೆ ಉಂಟು ಅಂತ ಹೇಳಿದ್ದು ಆ ಪಿಜಿ ಹುಡುಗಿ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾ ಸಾಗರ್ ಅಂತ ಒಬ್ಬರು ಆವರಣದಲ್ಲೇ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನು ಉಳಿಸಿಕೊಂಡರಂತೆ. ಮನೆಯವರು ಜೊತೆಗಿದ್ದರೆ ರೋಗಿ ಬೇಗ ಮನೆ ಸೇರುತ್ತಾನೆ ಅಂತ. ಒಪ್ಪುತ್ತೇನೆ. ಆದರೆ ಆ ಡೇರೆಯಲ್ಲಾದರೂ ಕಾಲು ಚಾಚಲು ಜಾಗ ಇದ್ದಿರಬೇಕು. ಇಲ್ಲಿ ಬೈಸ್ಟ್ಯಾಂಡರಿಗೆ ಸಿಗುವುದು ಮಂಚದಡಿಯಿಂದ ಎಳೆಯುವ ಒಂದು ಬೆಂಚು. ಅರುವತ್ತು ದಾಟಿದ ಸೊಂಟಕ್ಕೆ ಅದು ಹೇಳಿಸಿದ್ದಲ್ಲ.

ಹಗಲು ಮಾತ್ರ ಚೆನ್ನಾಗಿತ್ತು. ಹತ್ತು ಗಂಟೆಗೆ ಒಟಿ ಮೇಡಂ ಬರುತ್ತಾರೆ. ಒಟಿ ಅಂದರೆ ಆಪರೇಷನ್ ಅಂದುಕೊಂಡು ಹೊಸಬರು ಹೆದರುತ್ತಾರೆ, ಇದು ಆಕ್ಯುಪೇಷನಲ್ ಥೆರಪಿ. ಕಾಗದದ ಲಕೋಟೆ, ಮೇಣದ ಬತ್ತಿ, ಕ್ಯಾರಂ ಬೋರ್ಡು. ತಮ್ಮ ಲಕೋಟೆ ಮಾಡಲಾರೆ ಅಂದ, ಮೊಕ್ತೇಸರರಲ್ಲವಾ. ಮೇಡಂ ಅವನ ಕೈಗೆ ಉದಯವಾಣಿ ಕೊಟ್ಟು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿ ಅಂದರು. ಮೊದಲ ವಾರ ಅವನು ಓದುತ್ತಿದ್ದ ಸುದ್ದಿ ಒಂದೂ ಪೇಪರಿನಲ್ಲಿ ಇರಲಿಲ್ಲ. ಎರಡನೇ ವಾರ ಅರ್ಧ ಇತ್ತು. ಕೊನೆಗೆ ಹವಾಮಾನ, ಅಡಿಕೆ ಧಾರಣೆ, ನಿಧನವಾರ್ತೆ ಸಮೇತ ಅಕ್ಷರಶಃ ಓದತೊಡಗಿದ. ಗುಣವಾಗುವುದನ್ನು ಅಳೆಯಲು ಅಲ್ಲಿ ಎಷ್ಟೋ ಫಾರಂಗಳಿದ್ದವು, ನನಗೆ ಮಾತ್ರ ಈ ಪೇಪರೇ ಸಾಕಾಯಿತು. ಆದರೆ ಬೋಟಿನವರು, "ನಿಮ್ಮ ಮೊದಲಿನ ಪೇಪರೇ ಲಾಯ್ಕಿತ್ತು ಮಾರಾಯ್ರೆ" ಅಂದರು.

ಊಟ: ಬೆಳಗ್ಗೆ ಉಪ್ಪಿಟ್ಟು ಅಥವಾ ಸಜ್ಜಿಗೆ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಸಾರು, ಒಂದು ಪಲ್ಯ, ರಾತ್ರಿ ಗಂಜಿ ಚಟ್ನಿ. ತೊಂಡೆಕಾಯಿ ಪಲ್ಯ ವಾರಕ್ಕೆ ಮೂರು ಸಲ, ತಿಂಡಿ ಮಾತ್ರ ಬಿಸಿ. ಒಲಾಂಜಪಿನ್ ಅನ್ನುವ ಮನೋರೋಗದ ಮಾತ್ರೆ ತೆಗೆದುಕೊಳ್ಳುವವರಿಗೆ ಹಸಿವು ವಿಪರೀತ, ತೂಕ ಏರುತ್ತದೆ. ಅವರಿಗೆ ಅನ್ನದ ಬದಲು ಬೇರೇನಾದರೂ ಕೊಡುವ ಯೋಚನೆ ಅಡುಗೆಮನೆಗೆ ಇದ್ದ ಹಾಗಿಲ್ಲ. ಆಟಿ ಅಮಾವಾಸ್ಯೆಯ ದಿನ ಬೆಳ್ಳಂಬೆಳಗ್ಗೆ ಒಬ್ಬರು ತಾಯಿ ಮಗನಿಗೆ, ಆ ದಿನ ಕುಡಿಯುವ ಪದ್ಧತಿಯ ಪಾಲೆ ಕೆತ್ತೆಯ (ಪಾಲೆ ಮರದ ತೊಗಟೆಯ) ಕಷಾಯ ತಂದಿದ್ದರು. ಸಿಸ್ಟರ್ ಚೆಲ್ಲಲೂ ಇಲ್ಲ, ಕೊಡಲೂ ಇಲ್ಲ. ಡ್ಯೂಟಿ ಡಾಕ್ಟರನ್ನು ಕರೆಸಿ ಅವರ ಬಾಯಲ್ಲೇ "ಈ ಮಾತ್ರೆಗಳ ಜೊತೆ ಈ ವರ್ಷ ಬೇಡ ಅಮ್ಮ" ಅಂತ ಹೇಳಿಸಿದರು. ಆ ತಾಯಿ ಹಾಳು ಮಾಡುವುದು ಬೇಡ ಅಂತ ಅಲ್ಲೇ ನಿಂತು ತಾವೇ ಕುಡಿದರು, ನಮಗೂ ಒಂದೊಂದು ಗುಟುಕು ಸಿಕ್ಕಿತು.

ಇನ್ಶೂರೆನ್ಸಿನ ಕತೆಗೆ ಪ್ರತ್ಯೇಕ ಲೇಖನವೇ ಬೇಕು. ವಿಮಾ ಕಂಪನಿಯ ಪರವಾಗಿ ಕ್ಲೇಮು ನೋಡುವ ಟಿಪಿಎಯವರು "ಮೆಂಟಲ್ ಕೇಸಿಗೆ ಕವರೇಜ್ ಇಲ್ಲ" ಅಂತ ಒಂದು ಗೆರೆಯ ಮೇಲ್ ಕಳಿಸಿದರು. ಕಾಯ್ದೆಯ 21ನೇ ಸೆಕ್ಷನ್ನಿನ ನಾಲ್ಕನೇ ಉಪವಿಭಾಗ ನೋಡಿ: ದೇಹದ ಕಾಯಿಲೆಗೆ ಯಾವ ಆಧಾರದಲ್ಲಿ ವಿಮೆ ಕೊಡುತ್ತೀರೋ ಮನಸ್ಸಿನ ಕಾಯಿಲೆಗೂ ಅದೇ ಆಧಾರದಲ್ಲಿ ಕೊಡಬೇಕು. ವಿಮಾ ನಿಯಂತ್ರಣ ಪ್ರಾಧಿಕಾರ 2018ರ ಆಗಸ್ಟಿನಲ್ಲೇ ಎಲ್ಲ ಕಂಪನಿಗಳಿಗೂ ಇದನ್ನು ಪಾಲಿಸಿ ಅಂತ ಸುತ್ತೋಲೆ ಕಳಿಸಿದೆ. ಎರಡನ್ನೂ ಲಗತ್ತಿಸಿ, ಸೆಕ್ಷನ್ನಿನ ಅಡಿಗೆ ಗೆರೆ ಎಳೆದು, ಬ್ಯಾಂಕಿನ ಭಾಷೆಯಲ್ಲಿ ಒಂದು ಪತ್ರ ಬರೆದೆ. ಕ್ಲೇಮು ಪಾಸಾಯಿತು. ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನವರಿಗೆ ಈ ನಿಯಮ ಗೊತ್ತೇ ಇರಲಿಲ್ಲ, ಅಥವಾ ಗೊತ್ತಿದ್ದೂ ಹೇಳಲಿಲ್ಲ. ಡಿಸ್ಚಾರ್ಜಿನ ದಿನ ಬೆಳಗ್ಗೆ ಡಾಕ್ಟರು ಸಹಿ ಹಾಕಿದ್ದಾರೆ, ಬಿಲ್ಲು ಕೈಗೆ ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಆ ಕೌಂಟರಿಗೆ ಒಂದೇ ನಕ್ಷತ್ರ. ಸೊನ್ನೆ ಕೊಡಲು ಅವಕಾಶ ಇಲ್ಲದ್ದಕ್ಕೆ.

ಡಿಸ್ಚಾರ್ಜಿನ ಮೊದಲು ಲಿಥಿಯಂ ಬಗ್ಗೆ ಪಾಠ ಮಾಡಿದ ಸಿಸ್ಟರಿಗೆ ಮಾತ್ರ ಪೂರಾ ಐದು. ಪಾಠ ಮಾಡಿದ್ದು ತಮ್ಮನಿಗೆ, ನಾನು ಪಕ್ಕದಲ್ಲಿ. ರಕ್ತದಲ್ಲಿ ಲಿಥಿಯಂ ಸಾಧಾರಣವಾಗಿ 0.6ರಿಂದ 1.2ರ ಒಳಗೆ ಇರಬೇಕು, 1.5 ದಾಟಿದರೆ ವಿಷ. ಮೈಯಲ್ಲಿ ನೀರು, ಉಪ್ಪು ಕಡಿಮೆಯಾದರೆ ಲಿಥಿಯಂ ಏರುತ್ತದೆ. "ಬಿಪಿ ಅಂತ ಯಾರೋ ಹೇಳಿದರು ಅಂತ ಏಕಾಏಕಿ ಉಪ್ಪು ಬಿಡಬೇಡಿ. ಬೇಸಿಗೆಯಲ್ಲಿ ಬೆವರು ಜಾಸ್ತಿ, ನೀರು ಕುಡಿಯಿರಿ. ವಾಂತಿ ಭೇದಿಯಾದರೆ ಕಾಯಬೇಡಿ, ಕೂಡಲೇ ಫೋನು ಮಾಡಿ. ಸೊಂಟ ನೋವಿಗೆ ಮೆಡಿಕಲಿನಿಂದ ಬ್ರೂಫೆನ್ ತಂದು ನುಂಗಬೇಡಿ." ಆಮೇಲೆ ಅವರು ಕೇಳಿದ ಪ್ರಶ್ನೆ ಯಾವ ಮುದ್ರಿತ ಕರಪತ್ರದಲ್ಲೂ ಇರಲಿಕ್ಕಿಲ್ಲ: "ಅಣ್ಣ, ನೀವು ಉಡುಪಿ ಕಡೆಯವರಲ್ಲವಾ, ಏಕಾದಶಿ ಮಾಡ್ತೀರಾ? ನೀರೂ ಕುಡಿಯದೆ?" ತಮ್ಮ ಹೌದು ಅಂದ. "ದೇವರ ಹತ್ತಿರ ನಾನು ಕೇಳಿಕೊಳ್ತೇನೆ, ನೀವು ನೀರು ಕುಡಿಯಿರಿ." ಆ ಸಿಸ್ಟರ್ ಕ್ರಿಶ್ಚಿಯನ್. ಯಾವ ದೇವರ ಹತ್ತಿರ ಅಂತ ತಮ್ಮ ಕೇಳಿದ್ದಕ್ಕೆ, "ಯಾರು ಫ್ರೀ ಇದ್ದಾರೋ ಅವರ ಹತ್ತಿರ" ಅಂದರು.

ಸೋಷಿಯಲ್ ವರ್ಕರ್ ಅಂಗವಿಕಲರ ಗುರುತಿನ ಚೀಟಿ, ಯುಡಿಐಡಿ ಕಾರ್ಡಿನ ಬಗ್ಗೆ ಹೇಳಿದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮನೋರೋಗವೂ ಸೇರಿದೆ, ವೈಕಲ್ಯ ಶೇ 40 ಅಥವಾ ಅದಕ್ಕಿಂತ ಮೇಲೆ ಬಂದರೆ ಸವಲತ್ತುಗಳಿಗೆ ಅರ್ಜಿ ಹಾಕಬಹುದು. ತಮ್ಮನಿಗೆ ಬೇಡವಂತೆ, ಬಿಟ್ಟೆವು. ಬೇಕಾದವರು ಕೇಳಿ ತಿಳಿದುಕೊಳ್ಳಿ. ರಾತ್ರಿ ಹೊತ್ತು ತೊಂದರೆಯಾದರೆ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಕೂಡ ಫೈಲಿನ ಮೇಲೆ ಬರೆದುಕೊಟ್ಟರು. 24 ಗಂಟೆಯೂ ಇರುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ.

ಒಟ್ಟು ಲೆಕ್ಕಕ್ಕೆ ಐದರಲ್ಲಿ ನಾಲ್ಕು. ಕಟ್ ಆದ ಒಂದರಲ್ಲಿ ಹಸಿ ಪಂಚೆ, ರಾತ್ರಿಪಾಳಿ, ಬೆಂಚು, ಬಿಲ್ಲಿಂಗ್ ಎಲ್ಲ ಸೇರಿದೆ. ಫಾಲೋಅಪ್‌ಗೆ ಹೋಗುವವರಿಗೆ ಒಂದು ಸೂಚನೆ. ಲಿಥಿಯಂ ಟೆಸ್ಟ್ ಇದ್ದ ದಿನ ಬೆಳಗ್ಗಿನ ಮಾತ್ರೆ ತೆಗೆದುಕೊಳ್ಳದೆ ಹೋಗಿ, ರಾತ್ರಿಯ ಮಾತ್ರೆ ಆಗಿ 12 ಗಂಟೆಗೆ ರಕ್ತ ಕೊಡಬೇಕು. ಒಪಿಡಿ ಟೋಕನ್ನಿನ ಸಾಲು ಉದ್ದ ಇರುತ್ತದೆ, ಜೊತೆಯವರು ಅದರಲ್ಲಿ ನಿಂತರೆ ಅಷ್ಟರಲ್ಲಿ ರಕ್ತ ಕೊಡುವುದು ಮುಗಿಯುತ್ತದೆ. ರಕ್ತ ಕೊಟ್ಟ ಮೇಲೆ ಮಾತ್ರೆ ತೆಗೆದುಕೊಳ್ಳಲು ಮರೆಯಬೇಡಿ. ಕ್ಯಾಂಟೀನಿನಲ್ಲಿ ಬನ್ಸ್ ಒಂಬತ್ತೂವರೆಗೆ ಖಾಲಿ.